ಆಫ್ಟರ್ ನೋಡಿ ಮಾರಾಯ್ರೇ, ಡ್ಯುರೇಶನ್ ಅಲ್ಲ

ಮಾರಾಯ್ರೇ, ನೀವು ಹಾಕಿದ ಸ್ಕ್ರೀನ್‌ಶಾಟ್ ನೋಡಿದೆ. ಯುವಕ ಮಂಡಲದ ವಾರ್ಷಿಕೋತ್ಸವಕ್ಕೆ ಯಕ್ಷಗಾನದ ಫೋಟೋಗಳ ಸ್ಲೈಡ್ ಶೋ, ಒಂದೊಂದು ಫೋಟೋ ಎಂಟು ಸೆಕೆಂಡ್ ನಿಂತು ತಾನಾಗಿ ಮುಂದೆ ಹೋಗಬೇಕು, ಆದರೆ ಮೊದಲನೆಯದೇ ಕದಲುವುದಿಲ್ಲ ಅಂತ ಕೇಳಿದ್ದೀರಿ. ಪವರ್‌ಪಾಯಿಂಟ್‌ನ ಟ್ರಾನ್ಸಿಷನ್ಸ್ ಟ್ಯಾಬ್‌ನಲ್ಲಿ ನೀವು 8 ಹಾಕಿದ್ದು ಡ್ಯುರೇಶನ್ ಬಾಕ್ಸ್‌ನಲ್ಲಿ. ಅದು ಒಂದು ಫೋಟೋ ಹೋಗಿ ಇನ್ನೊಂದು ಬರುವ ಎಫೆಕ್ಟ್‌ಗೆ ಎಷ್ಟು ಹೊತ್ತು ಅನ್ನುವುದು ಮಾತ್ರ. ಅದನ್ನು 1ಕ್ಕೆ ಇಳಿಸಿ. ಅಲ್ಲೇ ಪಕ್ಕದಲ್ಲಿ ಅಡ್ವಾನ್ಸ್ ಸ್ಲೈಡ್ ಕೆಳಗೆ ಆಫ್ಟರ್ ಅಂತ ಉಂಟಲ್ವಾ, ಅದಕ್ಕೆ ಟಿಕ್ ಹಾಕಿ 00:08 ಕೊಡಿ. ನಾನೂ ಶುರುವಿನಲ್ಲಿ ಇದೇ ಬಾಕ್ಸ್‌ನಲ್ಲಿ ಒದ್ದಾಡಿದವನು, ಹಾಗಾಗಿ ಸ್ವಲ್ಪ ಉದ್ದ ಬರೆಯುತ್ತೇನೆ.

ಮೊದಲು ಅಪ್ಲೈ ಟು ಆಲ್ ಒತ್ತಿ, ಆಮೇಲೆ ಬೇಕಾದ ಸ್ಲೈಡ್‌ಗಳ ಸಮಯ ಬದಲಾಯಿಸಿ. ಉಲ್ಟಾ ಮಾಡಿದರೆ ಬೇರೆ ಬೇರೆ ಕೊಟ್ಟ ಸಮಯವೆಲ್ಲ ಅಳಿಸಿಹೋಗಿ ಒಂದೇ ಆಗುತ್ತದೆ. ಎಲ್ಲಾ ಫೋಟೋಗೂ ಎಂಟೇ ಸೆಕೆಂಡ್ ಕೊಡುವುದು ನನಗಂತೂ ಇಷ್ಟವಿಲ್ಲ. ಚೌಕಿಯಲ್ಲಿ ವೇಷ ಕಟ್ಟುವ ಸಾಲು ಫೋಟೋಗಳಿಗೆ ನಾಲ್ಕು ಸೆಕೆಂಡ್ ಸಾಕು. ಬಣ್ಣದ ವೇಷದ ಕ್ಲೋಸಪ್ ಇದ್ದರೆ ಹತ್ತು ಕೊಡಿ. ಮುಖದ ಮೇಲೆ ಅಕ್ಕಿಹಿಟ್ಟಿನಲ್ಲಿ ಇಡುವ ಆ ಚುಟ್ಟಿಯ ಒಂದೊಂದು ಚುಕ್ಕಿ, ಕಣ್ಣಿನ ಸುತ್ತಲಿನ ಕೆಂಪು, ಕಪ್ಪು ಇದೆಲ್ಲ ನೋಡಲು ಜನಕ್ಕೆ ಹೊತ್ತು ಬೇಕು. ಬರಹ ಇರುವ ಸ್ಲೈಡ್‌ನ್ನು ನೀವೇ ಬಾಯಿಬಿಟ್ಟು ನಿಧಾನವಾಗಿ ಎರಡು ಸಲ ಓದಿ. ಎಷ್ಟು ಹೊತ್ತಾಯಿತೋ ಅಷ್ಟು ಕೊಡಿ. ದಾನಿಗಳ ಪಟ್ಟಿಗೆ ಅದಕ್ಕಿಂತಲೂ ಜಾಸ್ತಿ ಬೇಕು, ಎಲ್ಲರೂ ತಮ್ಮ ಹೆಸರು ಹುಡುಕುತ್ತಾರೆ.

ಈಗ ಮುಖ್ಯ ವಿಷಯ. ಸಮಯ ಕೊಟ್ಟಾದ ಮೇಲೆ ವ್ಯೂ ಮೆನುವಿನಲ್ಲಿ ಸ್ಲೈಡ್ ಸಾರ್ಟರ್ ತೆರೆಯಿರಿ. ಪ್ರತಿ ಸ್ಲೈಡ್‌ನ ಕೆಳಗೆ ಅದರ ಸಮಯ ಸಣ್ಣ ಅಕ್ಷರದಲ್ಲಿ ಕಾಣುತ್ತದೆ. ಯಾವುದರ ಕೆಳಗೆ ಅದು ಇಲ್ಲವೋ ಆ ಸ್ಲೈಡ್ ತಾನಾಗಿ ಹೋಗುವುದಿಲ್ಲ. ಒಂದೂ ಬಿಡದೆ ಕಣ್ಣು ಹಾಯಿಸಿ. ಇದನ್ನು ಎಷ್ಟು ಹೇಳಿದರೂ ಈ ಗುಂಪಿನಲ್ಲಿ ಯಾರೂ ಮಾಡುವುದಿಲ್ಲ, ಮತ್ತೆ ಕಾರ್ಯಕ್ರಮದ ದಿನ ಸಂಜೆ ಫೋನ್ ಮಾಡುತ್ತಾರೆ.

ಉಡುಪಿಯ ಹತ್ತಿರ ಒಂದು ಸಭಾಭವನದಲ್ಲಿ ಆದದ್ದು ಹೇಳುತ್ತೇನೆ. ಶೋ ಎಲ್ಲ ಸರಿ ಮಾಡಿ ಇಟ್ಟಿದ್ದರು. ಯಾರೂ ಮುಟ್ಟಿ ಹಾಳು ಮಾಡಬಾರದು ಅಂತ ಸೆಟ್ ಅಪ್ ಸ್ಲೈಡ್ ಶೋದಲ್ಲಿ ಕಿಯೋಸ್ಕ್ ಆಯ್ಕೆ ಮಾಡಿದ್ದರು. ಕೊನೆ ಗಳಿಗೆಯಲ್ಲಿ ಒಬ್ಬರು ಪೆನ್‌ಡ್ರೈವ್ ತಂದು, ಇದೊಂದು ದಾನಿಗಳ ಸ್ಲೈಡ್ ಸೇರಿಸಿ ಅಂದರು. ಬೇರೆ ಫೈಲಿನಿಂದ ಕಾಪಿ ಮಾಡಿ ಮಧ್ಯದಲ್ಲಿ ಅಂಟಿಸಿದರು. ಅದಕ್ಕೆ ಸಮಯ ಇರಲಿಲ್ಲ. ಶೋ ಅಲ್ಲಿಗೆ ಬಂದು ನಿಂತಿತು. ಕಿಯೋಸ್ಕ್‌ನಲ್ಲಿ ಮೌಸ್ ಕ್ಲಿಕ್ಕೂ ಕೆಲಸ ಮಾಡುವುದಿಲ್ಲ, ಬಾಣದ ಕೀಗಳೂ ಇಲ್ಲ, ಎಸ್ಕೇಪ್ ಒಂದೇ ದಾರಿ. ಅದು ಗೊತ್ತಿಲ್ಲದ ಹುಡುಗ ಎಲ್ಲಾ ಕೀ ಒತ್ತಿ ನೋಡಿದ. ಸ್ವಾಗತ ಭಾಷಣ ಮುಗಿಯುವವರೆಗೂ ಪರದೆ ಮೇಲೆ ಅದೇ ಪಟ್ಟಿ. ಸಾರ್ಟರ್‌ನಲ್ಲಿ ಒಂದು ಸಲ ನೋಡಿದ್ದರೆ ಆ ಸ್ಲೈಡ್‌ನ ಕೆಳಗೆ ಖಾಲಿ ಇರುವುದು ಕಾಣುತ್ತಿತ್ತು. ಹಾಗಾಗಿ ಕೊನೆ ಗಳಿಗೆಯಲ್ಲಿ ಏನು ಸೇರಿಸಿದರೂ ಸಾರ್ಟರ್ ಮತ್ತೊಮ್ಮೆ ನೋಡಲೇಬೇಕು.

ನಿಮಗೆ ಕಿಯೋಸ್ಕ್ ಬೇಡ. ಸೆಟ್ ಅಪ್ ಸ್ಲೈಡ್ ಶೋದಲ್ಲೇ ಲೂಪ್ ಕಂಟಿನ್ಯುಯಸ್ಲಿ ಅಂತ ಇದೆ, ಅದಕ್ಕೆ ಮಾತ್ರ ಟಿಕ್ ಹಾಕಿ. ಕೊನೆಯ ಫೋಟೋ ಆದ ಮೇಲೆ ಮತ್ತೆ ಮೊದಲಿಂದ ಬರುತ್ತದೆ. ಅದೇ ಕಡೆ ಯೂಸಿಂಗ್ ಟೈಮಿಂಗ್ಸ್ ಆಯ್ಕೆ ಆಗಿರಬೇಕು. ಅಲ್ಲಿ ಮ್ಯಾನ್ಯುಯಲಿ ಇದ್ದರೆ ನೀವು ಕೊಟ್ಟ ಸಮಯವೆಲ್ಲ ದಂಡ. ಆಮೇಲೆ ಟ್ರಾನ್ಸಿಷನ್ಸ್‌ನಲ್ಲಿ ಆಫ್ಟರ್ ಹತ್ತಿರ ಇರುವ ಆನ್ ಮೌಸ್ ಕ್ಲಿಕ್ ಟಿಕ್ ತೆಗೆಯಿರಿ, ಯಾರದ್ದಾದರೂ ಕೈ ತಾಗಿ ಫೋಟೋ ಹಾರಿಹೋಗುವುದು ನಿಲ್ಲುತ್ತದೆ. ಬಾಣದ ಕೀ ಆಗಲೂ ಕೆಲಸ ಮಾಡುತ್ತದೆ, ಅದೇ ನಮಗೆ ಬೇಕಾದದ್ದು. ಯಾರಾದರೂ ಮಾತಾಡುತ್ತಾ ತೋರಿಸುವ ಶೋ ಆದರೆ ಎರಡೂ ಟಿಕ್ ಇರಲಿ, ಯಾವುದು ಮೊದಲು ಆಗುತ್ತದೋ ಅದಕ್ಕೆ ಸ್ಲೈಡ್ ಹೋಗುತ್ತದೆ.

ಮೇಲೆ ಒಬ್ಬರು ರಿಹರ್ಸ್ ಟೈಮಿಂಗ್ಸ್ ಮಾಡಿ ಅಂದಿದ್ದಾರೆ, ಅಂದರೆ ಶೋ ಓಡಿಸಿ ಒಂದೊಂದು ಸ್ಲೈಡ್ ಎಷ್ಟು ಹೊತ್ತು ನಿಂತಿತೋ ಅದನ್ನೇ ಸಮಯವಾಗಿ ಉಳಿಸುವುದು. ಭಾಷಣ ಅಭ್ಯಾಸ ಮಾಡುವವರಿಗೆ ಅದು ಸರಿ. ಫೋಟೋ ಶೋಗೆ ದಯವಿಟ್ಟು ಬೇಡ. ರಿಹರ್ಸ್ ಮಾಡುವಾಗ ಗಡಿಯಾರ ಓಡುತ್ತಾ ಇರುತ್ತದೆ. ಮಧ್ಯೆ ಫೋನ್ ಬಂತು ಅಂತ ಎದ್ದು ಹೋದರೆ ಆ ಫೋಟೋಗೆ ಮೂರು ನಾಲ್ಕು ನಿಮಿಷ ಬೀಳುತ್ತದೆ.

ಫೋಟೋಗಳಿಗೆ ಆನಿಮೇಶನ್ ಹಾಕಿದ್ದರೆ ತೆಗೆದುಬಿಡಿ. ಆನಿಮೇಶನ್ ಮುಗಿಯುವವರೆಗೆ ಸ್ಲೈಡ್ ಮುಂದೆ ಹೋಗುವುದಿಲ್ಲ, ನಿಮ್ಮ ಎಂಟು ಸೆಕೆಂಡ್ ಲೆಕ್ಕ ತಪ್ಪುತ್ತದೆ. ಬೇಕೇ ಬೇಕಾದರೆ ಆನ್ ಕ್ಲಿಕ್ ಬದಲು ಆಫ್ಟರ್ ಪ್ರೀವಿಯಸ್ ಕೊಡಿ. ಹಿಂದೆ ಚೆಂಡೆ ಮದ್ದಳೆ ಕೇಳಿಸಬೇಕು ಅಂದರೆ ಮೊದಲ ಸ್ಲೈಡ್‌ನಲ್ಲಿ ಆಡಿಯೋ ಸೇರಿಸಿ ಪ್ಲೇ ಇನ್ ಬ್ಯಾಕ್‌ಗ್ರೌಂಡ್ ಒತ್ತಿ, ಸ್ಲೈಡ್ ಬದಲಾದರೂ ನಿಲ್ಲುವುದಿಲ್ಲ.

ಕ್ಯಾಮೆರಾದ ದೊಡ್ಡ ಫೈಲುಗಳನ್ನು ಹಾಗೇ ತುಂಬಿಸಬೇಡಿ. ಹಳೇ ಲ್ಯಾಪ್‌ಟಾಪ್ ತಡವರಿಸುತ್ತದೆ. ಒಂದು ಪ್ರತಿ ಮಾಡಿಟ್ಟು, ಕಂಪ್ರೆಸ್ ಪಿಕ್ಚರ್ಸ್‌ನಲ್ಲಿ 150 ಪಿಪಿಐ ಕೊಡಿ, ಅಂದರೆ ಇಂಚಿಗೆ 150 ಪಿಕ್ಸೆಲ್. ಸ್ಲೈಡ್‌ನ ಅಗಲ 13.33 ಇಂಚು, ಫುಲ್ ಎಚ್‌ಡಿ ಪರದೆಗೆ ಬೇಕಾದದ್ದು 1920 ಪಿಕ್ಸೆಲ್. 150 ಧಾರಾಳ ಸಾಕು. ಈ ಒಂದೇ ಫೋಟೋಗೆ ಅನ್ನುವ ಟಿಕ್ ತೆಗೆಯಲು ಮರೆಯಬೇಡಿ.

ಅಕ್ಷರದ ವಿಷಯಕ್ಕೆ ನನಗೆ ಸಿಟ್ಟೇ ಬರುತ್ತದೆ. ಇನ್ನೂ ಹಳೇ ನುಡಿ, ಬರಹ ಫಾಂಟ್‌ನಲ್ಲಿ ಟೈಪ್ ಮಾಡಿ ಹಾಲ್‌ನ ಕಂಪ್ಯೂಟರಿಗೆ ತೆಗೆದುಕೊಂಡು ಹೋಗುತ್ತಾರೆ. ಅಲ್ಲಿ ಆ ಫಾಂಟ್ ಇಲ್ಲದಿದ್ದರೆ ಊರಿನ ಹೆಸರೂ ಓದಲಾಗುವುದಿಲ್ಲ. ಯುನಿಕೋಡ್‌ನಲ್ಲೇ ಟೈಪ್ ಮಾಡಿ, ನಿರ್ಮಲಾ ಯುಐ ವಿಂಡೋಸ್ ಜೊತೆಗೇ ಬರುತ್ತದೆ. ತುಳು ಸಾಲುಗಳಿದ್ದರೂ ಕನ್ನಡ ಲಿಪಿಯಾದರೆ ಅದೇ ಸಾಕು.

ಸಾಫ್ಟ್‌ವೇರ್ ಯಾವುದು ಅಂತ ಕೇಳಿದರೆ ನನ್ನ ಮತ ಪವರ್‌ಪಾಯಿಂಟ್‌ಗೆ. ಲಿಬ್ರೆ ಆಫೀಸ್ ಇಂಪ್ರೆಸ್ ಉಚಿತ, ಅದರಲ್ಲೂ ಸ್ಲೈಡ್ ಟ್ರಾನ್ಸಿಷನ್ ಕಡೆ ಆಫ್ಟರ್ ಇದೆ, ಕೆಲಸ ಆಗುತ್ತದೆ. ಆದರೆ ಒಂದರಲ್ಲಿ ಮಾಡಿ ಇನ್ನೊಂದರಲ್ಲಿ ತೋರಿಸಬೇಡಿ, ಅಕ್ಷರ ಅಲುಗಾಡುತ್ತದೆ. ಗೂಗಲ್ ಸ್ಲೈಡ್ಸ್‌ನಲ್ಲಿ ಆಟೋ ಪ್ಲೇ ಇದ್ದರೂ ಎಲ್ಲಾ ಸ್ಲೈಡ್‌ಗೂ ಒಂದೇ ಸಮಯ. ನಿಮ್ಮ ಚೌಕಿ ಫೋಟೋಗೂ ಬಣ್ಣದ ವೇಷಕ್ಕೂ ಅದು ಸರಿಹೋಗುವುದಿಲ್ಲ.

ಹಾಲ್‌ನಲ್ಲಿ ಟಿವಿ ಮಾತ್ರ ಇದ್ದರೆ ಎಕ್ಸ್‌ಪೋರ್ಟ್‌ನಲ್ಲಿ ಕ್ರಿಯೇಟ್ ಎ ವಿಡಿಯೋ ಮಾಡಿ ಎಂಪಿ4 ಮಾಡಿಕೊಳ್ಳಿ. ಅಲ್ಲಿ ಕಾಣುವ 5 ಸೆಕೆಂಡ್ ಸಮಯ ಕೊಡದೇ ಬಿಟ್ಟ ಸ್ಲೈಡ್‌ಗಳಿಗೆ ಮಾತ್ರ, ನೀವು ಕೊಟ್ಟದ್ದು ಹಾಗೇ ಇರುತ್ತದೆ. ಲ್ಯಾಪ್‌ಟಾಪ್‌ನಲ್ಲೇ ತೋರಿಸಿದರೂ ಈ ವಿಡಿಯೋ ಪೆನ್‌ಡ್ರೈವ್‌ನಲ್ಲಿ ಇರಲಿ. ಮಳೆಗಾಲದಲ್ಲಿ ನಮ್ಮ ಕಡೆ ಕರೆಂಟ್ ಹೋಗುವುದು ಗೊತ್ತಲ್ವಾ, ಲ್ಯಾಪ್‌ಟಾಪ್ ಬ್ಯಾಟರಿ ಹಳೆಯದಾದರೆ ಎಲ್ಲ ಮೊದಲಿಂದ ಶುರು ಮಾಡಬೇಕು.

ಮತ್ತೊಂದು, ಅತಿಥಿಗಳು ಮಾತಾಡಲು ಎದ್ದಾಗ ಎಸ್ (S) ಅಕ್ಷರದ ಕೀ ಒತ್ತಿ, ಶೋ ಅಲ್ಲೇ ನಿಲ್ಲುತ್ತದೆ. ಇನ್ನೊಮ್ಮೆ ಒತ್ತಿದರೆ ಮುಂದುವರಿಯುತ್ತದೆ. ಪರದೆ ಕಪ್ಪಾಗಬೇಕಿದ್ದರೆ ಬಿ (B) ಒತ್ತಿ. ಲ್ಯಾಪ್‌ಟಾಪ್ ಪಕ್ಕ ಕೂರುವವರಿಗೆ ಇದೆರಡು ಮೊದಲೇ ಹೇಳಿಕೊಡಿ. ಸಾರ್ಟರ್‌ನ ಸ್ಕ್ರೀನ್‌ಶಾಟ್ ಇವತ್ತು ರಾತ್ರಿ ಹಾಕಿ, ನಾನು ನೋಡಿ ಹೇಳುತ್ತೇನೆ.