ಓದುಗರ ಪ್ರಶ್ನೆ: ಕೆಟ್ಟ ನಾಳೆಯ ಕಥೆ ಬಾಗಿಲು ತೆರೆಯುವ ಬಗೆ

ಕಳೆದ ಸಂಚಿಕೆಯಲ್ಲಿ ಡಿಸ್ಟೋಪಿಯಾ ಚಿತ್ರಗಳ ಬಗ್ಗೆ, ಎಂದರೆ ಕೆಟ್ಟುಹೋದ ನಾಳೆಯೊಂದನ್ನು ಊಹಿಸಿ ಕಟ್ಟಿದ ಕಥೆಗಳ ಬಗ್ಗೆ, ಪ್ರಶ್ನೆಗಳನ್ನು ಕಳುಹಿಸುವಂತೆ ಕೇಳಿದ್ದೆವು. ಹಾಸನ ಮತ್ತು ಚಿಕ್ಕಮಗಳೂರು ಜಿಲ್ಲೆಗಳಿಂದ ಬಂದ ಪತ್ರಗಳಲ್ಲಿ ನಾಲ್ಕು ಪತ್ರಗಳು ಚಿತ್ರದ ಆರಂಭವನ್ನೇ ಕುರಿತಿದ್ದರಿಂದ ಅವುಗಳನ್ನು ಒಟ್ಟಿಗೆ ಎತ್ತಿಕೊಂಡಿದ್ದೇವೆ.

ಪ್ರಶ್ನೆ: ನಮ್ಮ ಕಾಲೇಜಿನಲ್ಲಿ ತಿಂಗಳಿಗೊಂದು ಚಿತ್ರ ತೋರಿಸುತ್ತೇವೆ. ಈಚೆಗೆ ‘ಚಿಲ್ಡ್ರನ್ ಆಫ್ ಮೆನ್’ ತೋರಿಸಿದಾಗ, ಮೊಬೈಲ್ ನೋಡುತ್ತಿದ್ದ ಹುಡುಗರೆಲ್ಲ ಆರಂಭದಲ್ಲೇ ತಲೆಯೆತ್ತಿದರು. ಬಾಂಬ್ ಸ್ಫೋಟದ ದೃಶ್ಯವೇ ಇದಕ್ಕೆ ಕಾರಣ ಎಂದು ಸಹೋದ್ಯೋಗಿಗಳು ಹೇಳುತ್ತಾರೆ. ಆದರೆ ಸ್ಫೋಟಕ್ಕೆ ಮುಂಚೆಯೇ ಅವರ ತಲೆ ಮೇಲೆದ್ದಿದ್ದನ್ನು ನಾನು ಕಂಡಿದ್ದೇನೆ. ಕಾರಣವೇನಿರಬಹುದು?
— ಉಪನ್ಯಾಸಕರೊಬ್ಬರು, ಹಾಸನ

ಉತ್ತರ: ನಿಮ್ಮ ವಿದ್ಯಾರ್ಥಿಗಳು ತಲೆಯೆತ್ತಿದ್ದು ಬಹುಶಃ ಒಂದು ಕಳೆಯುವ ಲೆಕ್ಕವನ್ನು ಮಾಡುವುದಕ್ಕಾಗಿ. ಅಲ್ಫೊನ್ಸೊ ಕ್ವಾರೋನ್ ನಿರ್ದೇಶಿಸಿ 2006ರಲ್ಲಿ ತೆರೆಕಂಡ ಈ ಚಿತ್ರ ಕಪ್ಪು ಪರದೆಯ ಮೇಲೆ ಕೇಳಿಬರುವ ವಾರ್ತಾವಾಚಕರ ದನಿಯಿಂದ ಆರಂಭವಾಗುತ್ತದೆ. ನೋಡುವುದಕ್ಕೆ ಏನೂ ಇಲ್ಲದಿದ್ದಾಗ ಕಿವಿ ತಾನಾಗಿ ಚುರುಕಾಗುತ್ತದೆ. ಸಿಯಾಟಲ್ ನಗರದ ಮುತ್ತಿಗೆಗೆ ಇಂದು 1000ನೆಯ ದಿನ. ಬ್ರಿಟನ್ನಿನ ಗಡಿಗಳು ಮುಚ್ಚಿ ಎಂಟು ವರ್ಷವಾಯಿತು, ಅವು ಮುಚ್ಚಿಯೇ ಇರುತ್ತವೆ. ಹೀಗೆ ಹವಾಮಾನ ವರದಿಯನ್ನು ಓದುವ ಧಾಟಿಯಲ್ಲಿ ಸುದ್ದಿಗಳು ಸಾಗುತ್ತವೆ. ಆ ಬಳಿಕ ಲಂಡನ್ನಿನ ಒಂದು ಕಾಫಿ ಅಂಗಡಿಯಲ್ಲಿ ಕಿಕ್ಕಿರಿದ ಜನ ಕತ್ತೆತ್ತಿ ಟಿವಿ ನೋಡುತ್ತಿರುವುದು ಕಾಣುತ್ತದೆ. ದಿನದ ಮುಖ್ಯ ಸುದ್ದಿ ಎಂದರೆ ಭೂಮಿಯ ಮೇಲಿನ ಅತ್ಯಂತ ಕಿರಿಯ ವ್ಯಕ್ತಿ ಬ್ಯೂನಸ್ ಐರಿಸ್‌ನಲ್ಲಿ ಕೊಲೆಯಾಗಿದ್ದಾನೆ, ಅವನ ವಯಸ್ಸು 18.

ಅತ್ಯಂತ ಕಿರಿಯವನಿಗೇ 18 ವರ್ಷವೆಂದರೆ, 18 ವರ್ಷಗಳಿಂದ ಜಗತ್ತಿನ ಯಾವ ಮನೆಯಲ್ಲೂ ತೊಟ್ಟಿಲು ಕಟ್ಟಿಲ್ಲ ಎಂದಾಯಿತು. ಈ ಮಾತನ್ನು ವಾರ್ತಾವಾಚಕಿ ವಿವರಿಸಿ ಹೇಳುವ ಗೋಜಿಗೆ ಹೋಗುವುದಿಲ್ಲ, ಏಕೆಂದರೆ ಆ ಲೋಕದವರಿಗೆ ಅದು ಹಳೆಯ ಸಂಗತಿ; ಅವರಿಗೆ ಸುದ್ದಿಯಾಗಿರುವುದು ಒಬ್ಬನ ಸಾವು ಮಾತ್ರ. ಲೆಕ್ಕವನ್ನು ಪ್ರೇಕ್ಷಕನೇ ಮಾಡಿಕೊಳ್ಳಬೇಕು, ಮತ್ತು ತಾನೇ ಮಾಡಿದ ಲೆಕ್ಕದ ಉತ್ತರವನ್ನು ಯಾರೂ ಅಷ್ಟು ಸುಲಭವಾಗಿ ಬದಿಗಿಡುವುದಿಲ್ಲ. ಡಿಸ್ಟೋಪಿಯಾ ಚಿತ್ರದ ಒಳ್ಳೆಯ ಆರಂಭದ ಗುಟ್ಟು ನನಗೆ ಕಂಡಂತೆ ಇದೇ: ಪರದೆಯೊಳಗಿನ ಯಾರಿಗೂ ಅಚ್ಚರಿಯೆನಿಸದ ಸಂಗತಿಯೊಂದು ಹೊರಗೆ ಕುಳಿತವನನ್ನು ಮಾತ್ರ ಬೆಚ್ಚಿಬೀಳಿಸಬೇಕು.

ಕಥಾನಾಯಕನ ನಡವಳಿಕೆಯನ್ನೂ ಗಮನಿಸಿ. ಎಲ್ಲರೂ ದುಃಖದಲ್ಲಿ ಟಿವಿಗೆ ಅಂಟಿಕೊಂಡು ನಿಂತಿರುವಾಗ ಥಿಯೋ ಅವರ ನಡುವೆ ದಾರಿ ಮಾಡಿಕೊಂಡು ಕಾಫಿ ಕೊಂಡು ಹೊರಟುಬಿಡುತ್ತಾನೆ. ಅಂಗಡಿಯ ಹೊರಗಿನ ಬೀದಿಯಲ್ಲಿ ನಮಗೆ ಗೊತ್ತಿರುವ ಎರಡಂತಸ್ತಿನ ಬಸ್ಸುಗಳೇ ಓಡಾಡುತ್ತಿವೆ, ಕೊಳೆ ಮಾತ್ರ ಹೆಚ್ಚಾಗಿದೆ. ಹಾರುವ ಕಾರಿನ ಭವಿಷ್ಯವನ್ನು ನಾವು ತಮಾಷೆಗೆ ನೋಡಬಹುದು; ಇಂದಿನ ಬಸ್ಸೇ ಇನ್ನಷ್ಟು ಮಾಸಿಹೋಗಿ ಓಡುವ ಭವಿಷ್ಯವನ್ನು ಹಾಗೆ ತಳ್ಳಿಹಾಕಲಾಗದು. ಕೆಲವೇ ಹೆಜ್ಜೆ ದೂರದಲ್ಲಿ ಅವನು ನಿಂತು ಕಾಫಿಯ ಲೋಟಕ್ಕೆ ಮದ್ಯ ಬೆರೆಸುವ ಹೊತ್ತಿಗೆ ಹಿಂದಿನ ಅಂಗಡಿ ಸಿಡಿದುಹೋಗುತ್ತದೆ. (ಕಾಫಿಗೆ ಬೇರೇನನ್ನೋ ಬೆರೆಸುವವನನ್ನು ನಮ್ಮ ಜಿಲ್ಲೆಯ ಬೆಳೆಗಾರರು ಕ್ಷಮಿಸಲಾರರು, ಆದರೆ ಅವನ ಜೀವ ಉಳಿಸಿದ್ದು ಆ ದುರಭ್ಯಾಸವೇ.) ಅಂಗಡಿಯಿಂದ ಹೊರಬಂದಾಗಿನಿಂದ ಸ್ಫೋಟದವರೆಗೆ ಛಾಯಾಗ್ರಾಹಕ ಎಮ್ಯಾನುಯೆಲ್ ಲುಬೆಝ್ಕಿ ಕ್ಯಾಮೆರಾವನ್ನು ಕೈಯಲ್ಲಿ ಹಿಡಿದ ಹಾಗೆಯೇ ಸಾಗಿಸುತ್ತಾರೆ, ನಡುವೆ ಎಲ್ಲಿಯೂ ಕತ್ತರಿ ಬೀಳುವುದಿಲ್ಲ. ಕತ್ತರಿ ಬಿದ್ದಿದ್ದರೆ ಏನೋ ಆಗಲಿದೆ ಎಂಬ ಮುನ್ಸೂಚನೆ ನಮಗೆ ಸಿಕ್ಕಿಬಿಡುತ್ತಿತ್ತು. ಸ್ಫೋಟದ ಬಳಿಕ ಕಿವಿಯಲ್ಲಿ ಉಳಿಯುವ ಆ ಸಣ್ಣ ಸಿಳ್ಳಿನಂಥ ಸದ್ದು, ನಾವು ನೋಡುತ್ತ ಕುಳಿತವರಲ್ಲ, ಅಲ್ಲೇ ಪಕ್ಕದಲ್ಲಿ ನಿಂತಿದ್ದವರು ಎಂಬ ಭ್ರಮೆಯನ್ನು ಹುಟ್ಟಿಸುತ್ತದೆ. ಆದ್ದರಿಂದ ನೀವು ಕಂಡದ್ದೇ ಸರಿ. ಸ್ಫೋಟ ಬರುವಷ್ಟರಲ್ಲಿ ನಿಮ್ಮ ಹುಡುಗರು ಆ ಲೋಕದೊಳಗೆ ಕಾಲಿಟ್ಟಾಗಿತ್ತು.

ಪ್ರಶ್ನೆ: ಕೆಲವು ಚಿತ್ರಗಳು ಆರಂಭದಲ್ಲೇ ಪರದೆಯ ಮೇಲೆ ಅಕ್ಷರಗಳನ್ನು ಹರಿಸಿ ಇಡೀ ಹಿನ್ನೆಲೆಯನ್ನು ಹೇಳಿಬಿಡುತ್ತವೆ. ಇದು ನಿರ್ದೇಶಕರ ಸೋಮಾರಿತನವಲ್ಲವೇ?
— ಓದುಗರೊಬ್ಬರು, ಕಡೂರು

ಉತ್ತರ: ಹಲವು ಬಾರಿ ಹೌದು. ಆದರೆ ರಿಡ್ಲಿ ಸ್ಕಾಟ್ ಅವರ ‘ಬ್ಲೇಡ್ ರನ್ನರ್’ (1982) ಚಿತ್ರದಲ್ಲಿ ಹಾಗಲ್ಲ. ಅಲ್ಲಿ ಹರಿಯುವ ಅಕ್ಷರಗಳು ಕೃತಕ ಮನುಷ್ಯರ ಕಥೆಯನ್ನು ಹೇಳುತ್ತ, ಅವರನ್ನು ಕೊಲ್ಲುವುದನ್ನು ‘ನಿವೃತ್ತಿ’ ಎಂದು ಕರೆಯಲಾಗುತ್ತಿತ್ತು ಎಂಬಲ್ಲಿ ಮುಗಿಯುತ್ತವೆ. ಪಿಂಚಣಿಯ ಕಾಗದದಲ್ಲಿ ಇರಬೇಕಾದ ಪದ ಮರಣದಂಡನೆಗೆ ಬಳಕೆಯಾಗಿದೆ. ಆ ಸಮಾಜದ ನಾಲಗೆ ಎಷ್ಟು ಕೆಟ್ಟಿದೆ ಎಂಬುದು ಒಂದು ಪದದಿಂದ ತಿಳಿಯುತ್ತದೆ. ಆಮೇಲೆ ಬೆಂಕಿಯುಗುಳುವ ಗೋಪುರಗಳ ಲಾಸ್ ಏಂಜಲೀಸ್ ನಗರ, ಆ ಬೆಂಕಿಯನ್ನು ಪ್ರತಿಫಲಿಸುವ ಒಂದು ಕಣ್ಣು. ಅಕ್ಷರ ಮಾಡಬಹುದಾದ ಕೆಲಸವನ್ನು ಅಕ್ಷರಕ್ಕೆ, ಚಿತ್ರ ಮಾಡಬೇಕಾದ ಕೆಲಸವನ್ನು ಚಿತ್ರಕ್ಕೆ ಹಂಚಿಕೊಟ್ಟರೆ ದೂರಲು ಕಾರಣವಿಲ್ಲ. ಅಂದಹಾಗೆ ಆ ಕಥೆ ನಡೆಯುವುದು 2019ರ ನವೆಂಬರಿನಲ್ಲಿ. ನಾವು ಆ ತಿಂಗಳನ್ನು ದಾಟಿ ಬಂದಾಯಿತು, ಆದರೂ ಆರಂಭದ ಹಿಡಿತ ಸಡಿಲವಾಗಿಲ್ಲ.

ಯುದ್ಧ, ಬೆಂಕಿ ಯಾವುದೂ ಇಲ್ಲದೆ ಹೆದರಿಸಬಹುದೇ ಎಂದು ಇದೇ ಪತ್ರದ ಕೊನೆಯಲ್ಲಿ ಕೇಳಿದ್ದೀರಿ. ಟೆರ್ರಿ ಗಿಲಿಯಂ ಅವರ ‘ಬ್ರೆಜಿಲ್’ (1985) ಚಿತ್ರವನ್ನು ನೋಡಿ. ಅದರ ಮೊದಲಲ್ಲೂ ಸ್ಫೋಟವೊಂದು ಇದೆ, ಆದರೆ ನಿಜಕ್ಕೂ ಹೆದರಿಸುವುದು ಅದರ ಬಳಿಕ ಬರುವ ದೃಶ್ಯ. ಕಚೇರಿಯಲ್ಲಿ ನೌಕರನೊಬ್ಬ ಹೊಡೆದ ನೊಣ ಅಚ್ಚು ಹಾಕುತ್ತಿರುವ ಯಂತ್ರದೊಳಗೆ ಬೀಳುತ್ತದೆ. ಬಂಧಿಸಬೇಕಾದವನ ಟಟ್ಲ್ ಎಂಬ ಹೆಸರು ಬಟ್ಲ್ ಎಂದಾಗುತ್ತದೆ. ಏನೂ ತಿಳಿಯದ ಸಂಸಾರಸ್ಥನೊಬ್ಬನನ್ನು ಮನೆಗೆ ನುಗ್ಗಿ ಎಳೆದೊಯ್ಯುತ್ತಾರೆ. ಅವನ ಹೆಂಡತಿಗೆ, ಗಂಡನನ್ನು ಕೊಂಡೊಯ್ದದ್ದಕ್ಕೆ ರಶೀದಿ ಕೊಟ್ಟು ರುಜು ಹಾಕಿಸಿಕೊಳ್ಳುತ್ತಾರೆ. ಪಹಣಿಯಲ್ಲಿ ಅಜ್ಜನ ಹೆಸರಿನ ಒಂದಕ್ಷರ ತಪ್ಪಾಗಿ, ಅದನ್ನು ತಿದ್ದಿಸಲು ವರ್ಷಗಟ್ಟಲೆ ತಾಲ್ಲೂಕು ಕಚೇರಿಯ ಮೆಟ್ಟಿಲು ಹತ್ತಿಳಿದವರಿಗೆ ಈ ಆರಂಭದ ಭಯವನ್ನು ಯಾರೂ ವಿವರಿಸಬೇಕಾಗಿಲ್ಲ.

ಪ್ರಶ್ನೆ: ಇವೆಲ್ಲ ಪಾಶ್ಚಾತ್ಯರ ಸರಕು. ನಮ್ಮ ಸಾಹಿತ್ಯದಲ್ಲಿ ಇಂಥ ಆರಂಭಕ್ಕೆ ಮಾದರಿಯೇ ಇಲ್ಲವೇ?
— ನಿವೃತ್ತ ಕನ್ನಡ ಪಂಡಿತರು, ಬೇಲೂರು

ಉತ್ತರ: ತಾವು ಉತ್ತರ ತಿಳಿದೇ ಕೇಳುತ್ತಿದ್ದೀರಿ ಎಂಬ ಅನುಮಾನ ನನಗಿದೆ, ಏಕೆಂದರೆ ಆ ಮಾದರಿ ತಮ್ಮ ಊರಿನಿಂದ ಹೆಚ್ಚು ದೂರದಲ್ಲಿಲ್ಲ. ಹಳೇಬೀಡು ದೋರಸಮುದ್ರವೆಂಬ ರಾಜಧಾನಿಯಾಗಿದ್ದ ಕಾಲದಲ್ಲಿ, ವೀರಬಲ್ಲಾಳನಿಂದ ಕವಿಚಕ್ರವರ್ತಿ ಎಂಬ ಬಿರುದು ಪಡೆದ ಜನ್ನ ‘ಯಶೋಧರ ಚರಿತೆ’ಯನ್ನು 1209ರಲ್ಲಿ ಮುಗಿಸಿದ. ಹಳಗನ್ನಡ ಕಾವ್ಯಗಳಲ್ಲಿ ಅಷ್ಟಾದಶ ವರ್ಣನೆಗಳ ನಿಯಮದಂತೆ ನಾಡು, ನಗರ, ಋತುಗಳು ಸಮೃದ್ಧಿಯ ಚಿತ್ರಗಳಾಗಿ ಬರುವುದು ವಾಡಿಕೆ. ಓದುಗ ಮೊದಲು ಆ ಲೋಕದ ಸುಖದಲ್ಲಿ ನೆಲೆಗೊಂಡು, ಆಮೇಲೆ ಕಥೆಯನ್ನು ಕೇಳುತ್ತಾನೆ. ಜನ್ನ ಆ ವಾಡಿಕೆಯನ್ನು ತಲೆಕೆಳಗು ಮಾಡುತ್ತಾನೆ. ಅವನ ರಾಜಪುರದಲ್ಲಿ ಚಂಡಮಾರಿಯ ಜಾತ್ರೆಯ ಹೊತ್ತಿಗೆ ವಸಂತ ಬಂದಿದೆ, ಆದರೆ ಬನದ ತುಂಬ ಬಿರಿದ ಮುತ್ತುಗದ ಮೊಗ್ಗು ಕವಿಯ ಕಣ್ಣಿಗೆ ಕೊಚ್ಚಿದ ಮಾಂಸದಂತೆ ಕಾಣುತ್ತದೆ. ಋತುವರ್ಣನೆಯ ಪದ್ಯವೇನೋ ಇದೆ, ಆದರೆ ಅದರೊಳಗೆ ಬಲಿಗಂಬದ ವಾಸನೆ ಸೇರಿದೆ.

ಆ ಊರಿನ ದೊರೆ ಮಾರಿದತ್ತನಿಗೂ ಪ್ರಜೆಗಳಿಗೂ ಅದು ಪ್ರತಿ ವರ್ಷದ ಹಬ್ಬ. ಬಲಿಗೆ ಪ್ರಾಣಿಗಳನ್ನು ಕೂಡಿಹಾಕಿದ್ದಾರೆ, ಮನುಷ್ಯರ ಜೋಡಿಯೊಂದು ಬೇಕೆಂದು ತಳವಾರನನ್ನು ಅಟ್ಟಿದ್ದಾರೆ. ಅವನು ಅಭಯರುಚಿ, ಅಭಯಮತಿ ಎಂಬ ಎಳೆಯ ಅಣ್ಣತಂಗಿಯರನ್ನು ಹಿಡಿದು ತರುತ್ತಾನೆ. ಸುತ್ತಲಿನವರಿಗೆ ಇದೆಲ್ಲ ಸಹಜ, ಓದುವ ನಮಗೆ ಮಾತ್ರ ಅಸಹಜ. ಲಂಡನ್ನಿನ ಕಾಫಿ ಅಂಗಡಿಯ ಜನರಿಗೂ ನಮಗೂ ನಡುವೆ ಇರುವ ಅಂತರವೇ ಇಲ್ಲಿಯೂ ಇದೆ. ಒಂದು ವ್ಯತ್ಯಾಸವನ್ನು ಮರೆಯಬಾರದು. ಥಿಯೋ ನಿರ್ಲಿಪ್ತನಾಗಿ ಕಾಣುವುದು ಅವನೊಳಗೆ ಎಲ್ಲವೂ ಮರಗಟ್ಟಿಹೋಗಿರುವುದರಿಂದ. ಆ ಮಕ್ಕಳು ಕತ್ತಿಯ ಮುಂದೆ ಅಂಜದೆ ನಿಲ್ಲುವುದು, ಹಿಂಸೆಯ ಫಲವನ್ನು ಜನ್ಮಜನ್ಮಾಂತರಗಳಲ್ಲಿ ಉಂಡು ತಿಳಿದಿರುವುದರಿಂದ. ಅವರ ಆ ನಿರ್ಭಯವನ್ನು ಕಂಡು ದೊರೆಯೇ ಕೈ ತಡೆದು, ನೀವು ಯಾರು ಎಂದು ವಿಚಾರಿಸುತ್ತಾನೆ. ಕಥೆ ಹೊರಡುವುದು ಆ ಪ್ರಶ್ನೆಯಿಂದ, ಮತ್ತು ಆ ಕ್ಷಣದಲ್ಲಿ ನಮ್ಮ ಬಾಯಲ್ಲೂ ಅದೇ ಪ್ರಶ್ನೆ ಇರುತ್ತದೆ. ಇಂಥ ಆರಂಭವನ್ನು ಕನ್ನಡದ ಚಿತ್ರಕಥೆಗಾರರು ಇನ್ನೂ ಸರಿಯಾಗಿ ಕಣ್ಣಿಟ್ಟು ನೋಡಿಲ್ಲ ಎಂಬುದು ನನ್ನ ದೂರು.

ಪ್ರಶ್ನೆ: ಮಳೆ ನಿಂತುಹೋದ ಮಲೆನಾಡಿನ ಬಗ್ಗೆ ಕಿರುಚಿತ್ರ ಮಾಡುತ್ತಿದ್ದೇನೆ. ಶೆಟ್ಟಿಹಳ್ಳಿಯ ಪಾಳುಬಿದ್ದ ಚರ್ಚನ್ನು ಡ್ರೋನ್‌ನಿಂದ ನಿಧಾನವಾಗಿ ಸುತ್ತಿ ತೋರಿಸುತ್ತ, ಹಿನ್ನೆಲೆಯ ದನಿಯಲ್ಲಿ ಕಥೆ ಹೇಳಿ ಆರಂಭಿಸಬೇಕೆಂದಿದ್ದೇನೆ. ಸರಿಯೇ?
— ಯುವ ಓದುಗರು, ಸಕಲೇಶಪುರ

ಉತ್ತರ: ಜಾಗ ಸರಿ, ಡ್ರೋನ್ ಬೇಡ. ಫ್ರೆಂಚ್ ಮಿಷನರಿಗಳು 19ನೆಯ ಶತಮಾನದಲ್ಲಿ ಕಟ್ಟಿಸಿದ ಆ ಚರ್ಚು ಗೊರೂರಿನ ಹೇಮಾವತಿ ಜಲಾಶಯದ ಹಿನ್ನೀರಿಗೆ ಸಿಕ್ಕಿ, ಮಳೆಗಾಲದಲ್ಲಿ ಮುಳುಗಿ ಬೇಸಿಗೆಯಲ್ಲಿ ಮೇಲೇಳುವುದನ್ನು ಈ ಭಾಗದವರೆಲ್ಲ ಬಲ್ಲರು. ಆಕಾಶದಿಂದ ತೆಗೆದ ಅದರ ಚಿತ್ರಗಳು ಪ್ರತಿ ಮಳೆಗಾಲದಲ್ಲೂ ಎಲ್ಲರ ಮೊಬೈಲಿಗೆ ಬರುತ್ತವೆ. ಮೇಲಿನಿಂದ ನೋಡಿದಾಗ ಪಾಳುಗೋಡೆ ಬಹಳ ಸುಂದರವಾಗಿ ಕಾಣುತ್ತದೆ, ನಿಮ್ಮ ಕಥೆಗೆ ಆ ಸೌಂದರ್ಯವೇ ಅಡ್ಡಿ. ಹಿನ್ನೆಲೆಯ ದನಿ, ಪ್ರೇಕ್ಷಕ ಮಾಡಬೇಕಾದ ಲೆಕ್ಕವನ್ನು ನೀವೇ ಮಾಡಿ ಮುಗಿಸಿದಂತಾಗುತ್ತದೆ.

ನಿಮ್ಮ ಕಥೆಯಲ್ಲಿ ಮಳೆ ನಿಂತು ಎಷ್ಟೋ ವರ್ಷವಾಗಿದೆ, ಎಂದರೆ ಚರ್ಚು ಮುಳುಗುವುದೇ ಇಲ್ಲ. ಹಾಗಿದ್ದರೆ ಅದು ಯಾರಿಗೂ ವಿಶೇಷವಾಗಿ ಉಳಿದಿರಲಾರದು. ಯಾರೋ ಅದರೊಳಗೆ ಕುರಿ ಕಟ್ಟಿರುತ್ತಾರೆ, ಕಮಾನಿನಿಂದ ಕಮಾನಿಗೆ ಹಗ್ಗ ಬಿಗಿದು ಬಟ್ಟೆ ಒಣಹಾಕಿರುತ್ತಾರೆ. ಕ್ಯಾಮೆರಾ ನೆಲದ ಮೇಲೆ, ಕುರಿಯ ಎತ್ತರದಲ್ಲಿ ಇರಲಿ. ಏಳೆಂಟು ವರ್ಷದ ಹುಡುಗನೊಬ್ಬ ಗೋಡೆಗೆ ಒರಗಿ ಕುಳಿತಿದ್ದಾನೆ. ಅವನ ತಲೆಗಿಂತ ಬಹಳ ಮೇಲೆ, ಹಿಂದೊಮ್ಮೆ ನೀರು ನಿಂತು ಬಿಟ್ಟುಹೋದ ಕಲೆ ಗೋಡೆಯುದ್ದಕ್ಕೂ ಗೆರೆ ಎಳೆದಂತೆ ಸಾಗಿದೆ. ಅದೇನೆಂದು ಹುಡುಗ ಕೇಳುತ್ತಾನೆ. ಕುರಿಗೆ ಸೊಪ್ಪು ಹಾಕುತ್ತಿರುವ ಅಜ್ಜ ತಿರುಗಿಯೂ ನೋಡದೆ, ‘ಬಣ್ಣ ಬಳಿದವರು ಅಲ್ಲಿಗೇ ನಿಲ್ಲಿಸಿದರು’ ಎನ್ನುತ್ತಾನೆ.