ನಿಮ್ಮ ‘ಜೋಡಿ ಜಿಗಿತ’ ಓದಿದೆ

ತೀರ್ಥಹಳ್ಳಿಯಿಂದ ನೀವು ಕಳುಹಿಸಿದ ‘ಜೋಡಿ ಜಿಗಿತ’ ಲೇಖನವನ್ನು ಎರಡು ಸಲ ಓದಿದೆ. ಹೊಸಬರು ತರಬೇತುದಾರನ ಎದೆಗೆ ಬಿಗಿಸಿಕೊಂಡು ವಿಮಾನದಿಂದ ಧುಮುಕುವ ಟ್ಯಾಂಡಮ್ ಸ್ಕೈಡೈವಿಂಗ್ ಹುಟ್ಟಿ ಬೆಳೆದ ಬಗೆಯನ್ನು ಕನ್ನಡದಲ್ಲಿ ಹೇಳಲು ಹೊರಟಿದ್ದೀರಿ, ಸಂತೋಷ. ಆದರೆ ಈಗಿರುವ ರೂಪದಲ್ಲಿ ಅಚ್ಚು ಹಾಕಲಾರೆ.

ಮೊದಲ ಮೂರು ಪುಟಗಳ ತುಂಬ ಪುಷ್ಪಕ ವಿಮಾನ, ಹಕ್ಕಿ, ಸೋಗಾನೆ ವಿಮಾನ ನಿಲ್ದಾಣದ ಮೇಲಿನ ನೀಲಿ ಆಕಾಶ. ಅಷ್ಟನ್ನೂ ಹೊಡೆದುಹಾಕಿ. 1797ರಲ್ಲಿ ಪ್ಯಾರಿಸ್‌ನಲ್ಲಿ ಬಲೂನಿನಿಂದ ಇಳಿದ ಗಾರ್ನೆರಾನ್ ಕೂಡ ಬೇಡ, ಆತ ಇಳಿದದ್ದು ಒಬ್ಬನೇ. ನಿಮ್ಮ ಕಥೆ ಶುರುವಾಗುವುದು 1980ರ ದಶಕದ ಆರಂಭದ ಫ್ಲೋರಿಡಾದಲ್ಲಿ, ಟೆಡ್ ಸ್ಟ್ರಾಂಗ್ ಮತ್ತು ಬಿಲ್ ಬೂತ್ ಎಂಬ ಇಬ್ಬರು ಪ್ಯಾರಾಚೂಟ್ ತಯಾರಕರಿಂದ. ನೀವು ಬೂತ್ ಒಬ್ಬರಿಗೇ ‘ಜನಕ’ ಎಂಬ ಪಟ್ಟ ಕಟ್ಟಿದ್ದೀರಿ. ಇದು ಸ್ಟ್ರಾಂಗ್ ಅವರಿಗೆ ಮಾಡಿದ ಅನ್ಯಾಯ.

ನನ್ನನ್ನು ಹೆಚ್ಚು ಕಾಡಿದ್ದು ಬೇರೆ. ‘ಧೈರ್ಯ’ ಎಂಬ ಪದ ಹದಿನಾಲ್ಕು ಸಲ ಬಂದಿದೆ, ‘ಡ್ರೋಗ್’ ಒಮ್ಮೆಯೂ ಬಂದಿಲ್ಲ. ಒಬ್ಬರ ಬೆನ್ನಿಗೆ ಇನ್ನೊಬ್ಬರ ಎದೆ ಅಂಟಿದಾಗ ಭಾರ ದುಪ್ಪಟ್ಟಾಗುತ್ತದೆ, ಗಾಳಿಗೆ ಒಡ್ಡುವ ಮೈ ಮಾತ್ರ ಹೆಚ್ಚುಕಡಿಮೆ ಅಷ್ಟೇ ಇರುತ್ತದೆ. ಬೀಳುವ ವೇಗ ಗಂಟೆಗೆ 280 ಕಿ.ಮೀ. ದಾಟುತ್ತದೆ. ಆ ವೇಗದಲ್ಲಿ ಪ್ಯಾರಾಚೂಟ್ ಬಿಚ್ಚಿಕೊಂಡರೆ ಬಟ್ಟೆ ಹರಿಯಬಹುದು, ಆ ಜಗ್ಗಿಗೆ ಮೈಯೂ ಜಖಂ ಆಗಬಹುದು. ಡ್ರೋಗ್ ಎಂದರೆ ಜಿಗಿದ ಕೆಲವೇ ಕ್ಷಣಗಳಲ್ಲಿ ಬೆನ್ನ ಹಿಂದೆ ಬಿಡುವ ಪುಟ್ಟ ಪ್ಯಾರಾಚೂಟ್. ಅದು ವೇಗವನ್ನು ಒಂಟಿ ಜಿಗಿತದ ಮಟ್ಟಕ್ಕೆ, 200 ಕಿ.ಮೀ. ಆಸುಪಾಸಿಗೆ ಇಳಿಸುತ್ತದೆ. ಕೊನೆಗೆ ದೊಡ್ಡ ಪ್ಯಾರಾಚೂಟನ್ನು ಚೀಲದಿಂದ ಹೊರಗೆಳೆಯುವುದೂ ಅದೇ. ಇದಿಲ್ಲದೆ ಟ್ಯಾಂಡಮ್ ಸಾಮಾನ್ಯ ಜನರ ಕೈಗೆ ಬರುತ್ತಿರಲಿಲ್ಲ.

ಇದನ್ನು ವಿವರಿಸುವ ಸಾಮಗ್ರಿ ನಿಮ್ಮಲ್ಲೇ ಇದೆ. ಆರನೇ ಪುಟದ ಒಂದು ವಾಕ್ಯ ನೋಡಿ: ಅಡಿಕೆ ಗೊನೆ ಕೊಯ್ಯುವ ಕೊನೆಗೌಡ ಮರದ ತುದಿಯಿಂದ ಬಿಟ್ಟ ಗೊನೆ ಹಗ್ಗದ ಮೇಲೆ ಜಾರಿ ಬರುವಾಗ, ಕೆಳಗೆ ನಿಂತ ಅಪ್ಪಯ್ಯ ಹಗ್ಗವನ್ನು ಬಿಗಿದು, ಸಡಿಲಿಸಿ ಅದರ ಓಟ ತಗ್ಗಿಸುತ್ತಿದ್ದರು ಎಂದು ಬರೆದಿದ್ದೀರಿ. ಇಡೀ ಲೇಖನದಲ್ಲಿ ನೀವು ಕಣ್ಣಾರೆ ಕಂಡು ಬರೆದದ್ದು ಇದೊಂದೇ. ಲೇಖನ ಇಲ್ಲಿಂದಲೇ ಶುರುವಾಗಲಿ.

ಕಾನೂನಿನ ಭಾಗವನ್ನು ಪೂರ್ತಿ ಬಿಟ್ಟಿದ್ದೀರಿ. ಆಗಿನ ಅಮೆರಿಕದ ನಿಯಮ ಒಬ್ಬರು ಕಟ್ಟಿಕೊಳ್ಳುವ ಪ್ಯಾರಾಚೂಟಿಗಷ್ಟೇ ಒಪ್ಪಿಗೆ ಕೊಡುತ್ತಿತ್ತು. 1984ರಲ್ಲಿ ಟ್ಯಾಂಡಮ್‌ಗೆ ವಿನಾಯಿತಿ ಸಿಕ್ಕಿತು, ಕಾಯಂ ನಿಯಮ ಬಂದದ್ದು 2001ರಲ್ಲಿ. ಅಷ್ಟೂ ವರ್ಷ ಪ್ರಯೋಗ ಎಂಬ ಹಣೆಪಟ್ಟಿಯಲ್ಲೇ ಜನ ಜಿಗಿದರು. ನನಗೆ ಇದು ನಿಮ್ಮ ಹಕ್ಕಿಗಳಿಗಿಂತ ಹೆಚ್ಚು ರೋಮಾಂಚನ ಕೊಡುತ್ತದೆ.

ಒಂಬೈನೂರು ಪದಗಳಿಗೆ ಇಳಿಸಿ ಮತ್ತೆ ಕಳುಹಿಸಿ. ಅಪ್ಪಯ್ಯನವರ ಬಗ್ಗೆ ಇನ್ನೆರಡು ವಾಕ್ಯ ಸೇರಿಸಿ: ಆ ಹಗ್ಗ ಯಾವುದರದು, ಸಂಜೆ ಅಂಗೈಗೆ ಏನು ಹಚ್ಚಿಕೊಳ್ಳುತ್ತಿದ್ದರು?