ಹಳೆಯ ವಸ್ತುಗಳ ಮನೆ: ಮೊದಲು ಬೆಳಕು, ಆಮೇಲೆ ಬೀರು

ಪ್ರಶ್ನೆ: ನಾವು ನೆದರ್ಲೆಂಡ್ಸ್‌ನ ಯೂಟ್ರೆಕ್ಟ್‌ನಲ್ಲಿ ಬಾಡಿಗೆ ಮನೆಯಲ್ಲಿದ್ದೇವೆ. ಇಲ್ಲಿನ ಹಳೆಯ ಸಾಮಾನಿನ ಸಂತೆಗಳಲ್ಲಿ ಓಕ್ ಮರದ ಬೀರು, ಗೋಡೆ ಗಡಿಯಾರ, ಪಿಂಗಾಣಿ ತಟ್ಟೆಗಳು, ಚೌಕಟ್ಟು ಹಾಕಿದ ಚಿತ್ರಗಳನ್ನು ಆಸೆಪಟ್ಟು ಕೊಂಡೆವು. ಯುರೋಪಿನ ಸೊಗಸಾದ ಮನೆಗಳಲ್ಲಿ ಇದಕ್ಕಿಂತ ಹೆಚ್ಚು ಸಾಮಾನಿದ್ದರೂ ಅಂದವಾಗಿ ಕಾಣುತ್ತದೆ. ನಮ್ಮ ಹಜಾರ ಮಾತ್ರ ಗುಜರಿ ಅಂಗಡಿಯಂತಾಗಿದೆ. ಗೋಡೆಗೆ ಬಣ್ಣ ಬಳಿಯಲು, ಮೊಳೆ ಹೊಡೆಯಲು ಮಾಲೀಕರ ಒಪ್ಪಿಗೆಯಿಲ್ಲ. ಏನು ಮಾಡಬೇಕು?

ಉತ್ತರ: ಅರ್ಧದಷ್ಟು ಸಾಮಾನನ್ನು ಮಾರಿಬಿಡಿ ಎಂಬ ಸಲಹೆ ನಿಮಗೆ ಈಗಾಗಲೇ ಸಿಕ್ಕಿರಬಹುದು. ನಾನು ಅದನ್ನು ಹೇಳುವುದಿಲ್ಲ, ಏಕೆಂದರೆ ತೊಡಕು ಇರುವುದು ಸಂಖ್ಯೆಯಲ್ಲಲ್ಲ. ಲಂಡನ್ನಿನ ಲಿಂಕನ್ಸ್ ಇನ್ ಫೀಲ್ಡ್ಸ್‌ನಲ್ಲಿ ವಾಸ್ತುಶಿಲ್ಪಿ ಸರ್ ಜಾನ್ ಸೋನ್ (1753–1837) ತಮಗಾಗಿ ಕಟ್ಟಿಕೊಂಡ ಮನೆಯಷ್ಟು ಕಿಕ್ಕಿರಿದ ಮನೆಗಳು ಯುರೋಪಿನಲ್ಲೇ ಅಪರೂಪ. ಅವರ ಕಾಲಾನಂತರ ಆ ಮನೆಯನ್ನು ಆದಷ್ಟು ಇದ್ದಂತೆಯೇ ಉಳಿಸಬೇಕೆಂದು 1833ರಲ್ಲಿ ಬ್ರಿಟಿಷ್ ಸಂಸತ್ತು ಕಾಯ್ದೆ ಮಾಡಿದ್ದರಿಂದ ಅವರ ಜೋಡಣೆ ಇಂದಿಗೂ ನೋಡಸಿಗುತ್ತದೆ. ಸುಮಾರು 4 ಮೀಟರ್ ಉದ್ದಗಲದ ಒಂದೇ ಕೋಣೆಯಲ್ಲಿ ನೂರಕ್ಕೂ ಹೆಚ್ಚು ಚಿತ್ರಗಳಿವೆ. ಆದರೆ ಅಲ್ಲಿನ ಗೋಡೆಯ ಹಲಗೆಗಳು ಕೀಲುಗಳ ಮೇಲೆ ತೆರೆದುಕೊಳ್ಳುವಂಥವು. ಹಾಗಾಗಿ ಒಂದು ಸಲಕ್ಕೆ ಕಣ್ಣಿಗೆ ಬೀಳುವುದು ಒಂದು ಪಾಲು ಮಾತ್ರ. ಉಪಾಹಾರದ ಕೋಣೆಯ ಗುಮ್ಮಟದಲ್ಲಿ ಉಬ್ಬುಗನ್ನಡಿಗಳಿವೆ, ಮೇಲಿನಿಂದ ಬೆಳಕು ಇಳಿಯುತ್ತದೆ, ಕೆಲವೆಡೆ ಅದು ಹಳದಿ ಗಾಜನ್ನು ದಾಟಿ ಬರುತ್ತದೆ. ಬೆಳಕು ಎಲ್ಲಿಂದ ಬಂದು ಯಾವುದರ ಮೇಲೆ ಬೀಳಬೇಕೆಂಬುದು ಅಲ್ಲಿ ವಸ್ತುಗಳಷ್ಟೇ ಎಚ್ಚರದಿಂದ ಯೋಜಿತವಾಗಿದೆ. ನಿಮ್ಮ ಹಜಾರದಲ್ಲಿ ಆಗಬೇಕಾದ ಕೆಲಸವೂ ಅದೇ.

ಸೋನ್ ಅವರ ಮನೆ ನಿಮಗೆ ದೂರದ ಮಾತೆನಿಸಿದರೆ ಕೇಂಬ್ರಿಜ್‌ನ ಕೆಟಲ್ಸ್ ಯಾರ್ಡ್ ಎಂಬ ಮನೆ ಹತ್ತಿರವೆನಿಸೀತು. ಲಂಡನ್ನಿನ ಟೇಟ್ ಕಲಾ ಗ್ಯಾಲರಿಯಲ್ಲಿ ಹಿಂದೆ ಕೆಲಸ ಮಾಡಿದ್ದ ಜಿಮ್ ಈಡ್ ಮತ್ತು ಅವರ ಪತ್ನಿ ಹೆಲೆನ್ 1950ರ ದಶಕದಲ್ಲಿ ನಾಲ್ಕು ಪುಟ್ಟ ಹಳೆಯ ಮನೆಗಳನ್ನು ಒಂದುಗೂಡಿಸಿ ಅಲ್ಲಿ ವಾಸವಾಗಿದ್ದರು. 1966ರಲ್ಲಿ ಅದನ್ನು ವಿಶ್ವವಿದ್ಯಾಲಯಕ್ಕೆ ಒಪ್ಪಿಸಿದರು. ಬಿಳಿ ಗೋಡೆ, ಹಳೆಯ ಮರದ ಪೀಠೋಪಕರಣ, ಸುರುಳಿಯಾಗಿ ಜೋಡಿಸಿದ ಉರುಟು ಕಲ್ಲುಗಳು, ಕೂತವರ ಕಣ್ಣಿಗೆ ಎಟಕುವಂತೆ ತಗ್ಗಿನಲ್ಲಿ ಇಟ್ಟ ಚಿತ್ರಗಳು ಅಲ್ಲಿವೆ. ಸ್ಪೇನಿನ ಕಲಾವಿದ ಮಿರೊ ಅವರ ಒಂದು ಚಿತ್ರದಲ್ಲಿನ ಹಳದಿ ಚುಕ್ಕೆಗೆ ಜೊತೆಯಾಗಿ ಪಕ್ಕದ ತವರದ ತಟ್ಟೆಯಲ್ಲಿ ಒಂದು ನಿಂಬೆಹಣ್ಣು ಇರುತ್ತದೆ. ಇಡೀ ಮನೆಯಿಂದ ಒಂದೇ ಒಂದು ಪಾಠ ಕಲಿಯುವುದಾದರೆ ನಾನು ಆ ನಿಂಬೆಹಣ್ಣನ್ನೇ ಆರಿಸುತ್ತೇನೆ. ಒಂದು ವಸ್ತುವನ್ನು ಇನ್ನೊಂದರ ಪಕ್ಕದಲ್ಲಿಡಲು ಕಾರಣ ಬೇಕು. ಬಣ್ಣವೋ ಆಕಾರವೋ ಆ ಕಾರಣವಾಗಬಹುದು, ಎರಡೂ ಹಳೆಯವೆಂಬುದು ಮಾತ್ರ ಸಾಲದು.

ಈಗ ನಿಮ್ಮ ಮನೆಯ ವಿಚಾರ. ಒಂದು ರಜಾದಿನ ಹಜಾರವನ್ನು ಪೂರ್ತಿ ಖಾಲಿ ಮಾಡಿ, ಬೆಳಿಗ್ಗೆಯಿಂದ ಸಂಜೆಯವರೆಗೆ ಕಿಟಕಿಯ ಬೆಳಕು ಯಾವ ಗೋಡೆಯ ಮೇಲೆ ಎಷ್ಟು ಹೊತ್ತು ನಿಲ್ಲುತ್ತದೆಂದು ನೋಡಿ. ಬೀರುವನ್ನು ಕಿಟಕಿಯಿರುವ ಗೋಡೆಗೇ ಒರಗಿಸಿದರೆ ಅದರ ಮುಖ ಕತ್ತಲಲ್ಲಿ ಉಳಿಯುತ್ತದೆ. ಕಿಟಕಿಯ ಪಕ್ಕದ ಅಡ್ಡಗೋಡೆಗೆ ಒರಗಿಸಿದರೆ ಓರೆ ಬೆಳಕು ಅದರ ಕೆತ್ತನೆಯನ್ನು ಎತ್ತಿ ತೋರಿಸುತ್ತದೆ. ಕೋಣೆಯನ್ನು ಬೆಚ್ಚಗಿಡುವ ರೇಡಿಯೇಟರ್‌ಗೆ ಮಾತ್ರ ಹತ್ತಿರವಿಡಬೇಡಿ. ಹಳೆಯ ಬೀರುಗಳ ಬಾಗಿಲಿನ ನಡುಹಲಗೆಯನ್ನು ಅಂಟು ಹಾಕದೆ ಚೌಕಟ್ಟಿನಲ್ಲಿ ಕೊರೆದ ಸಂದಿಯೊಳಗೆ ಸಡಿಲವಾಗಿ ಕೂರಿಸಿರುತ್ತಾರೆ. ಚಳಿಗಾಲದ ಒಣ ಬಿಸಿಗೆ ಹಲಗೆ ಕುಗ್ಗಿ, ಅಂಚಿನಲ್ಲಿ ತೆಳುಬಣ್ಣದ ಒಂದು ಗೆರೆ ಕಾಣಿಸಿಕೊಳ್ಳಬಹುದು. ಅದನ್ನು ಬಿರುಕೆಂದು ತಿಳಿದು ಅಂಟು ತುಂಬಿದರೆ ಮುಂದಿನ ಚಳಿಗಾಲದಲ್ಲಿ ಹಲಗೆ ನಿಜವಾಗಿಯೂ ಸೀಳಬಹುದು.

ಮೊಳೆ ಹೊಡೆಯುವಂತಿಲ್ಲವಾದ್ದರಿಂದ ಚಿತ್ರಗಳಲ್ಲಿ ದೊಡ್ಡದೊಂದನ್ನು ತಗ್ಗು ಮೇಜಿನ ಮೇಲೆ ಗೋಡೆಗೆ ಒರಗಿಸಿ, ಚಿಕ್ಕದೊಂದು ಅದರ ಅಂಚನ್ನು ಸ್ವಲ್ಪ ಮರೆಮಾಡುವಂತೆ ಮುಂದಿಡಿ. ಉಳಿದವನ್ನು ಒಳಗಿಟ್ಟು ಋತುವಿಗೊಮ್ಮೆ ಬದಲಿಸಿ. ತಟ್ಟೆಗಳೆಲ್ಲ ಒಂದೇ ಕಡೆ ಇರಲಿ. ಸಂಜೆ ಚಾವಣಿಯ ದೀಪವನ್ನು ಆರಿಸಿ ಎರಡು ಮೂರು ಮೇಜುದೀಪಗಳನ್ನಷ್ಟೇ ಹಚ್ಚಿ. ಮೇಲಿನ ದೀಪದ ಬೆಳಕು ಎಲ್ಲದರ ಮೇಲೂ ಒಂದೇ ಸಮನೆ ಬೀಳುವುದರಿಂದ ಯಾವುದೂ ಎದ್ದು ಕಾಣುವುದಿಲ್ಲ. ಕೊಂಡದ್ದರಲ್ಲಿ ಕೆಲವು ಹಳೆಯ ಮಾದರಿಯ ಹೊಸ ಸಾಮಾನು ಎಂದು ತಿಳಿದುಬಂದರೆ ಬೇಸರ ಬೇಡ. ಮಿಲಾನ್‌ನ ಬಗಾಟಿ ವಲ್ಸೆಕ್ಕಿ ಸಹೋದರರು ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಹದಿನೈದು-ಹದಿನಾರನೆಯ ಶತಮಾನದ ಇಟಲಿಯ ನವೋದಯ (ರಿನೈಸಾನ್ಸ್) ಶೈಲಿಯಲ್ಲಿ ಮನೆಯನ್ನು ರೂಪಿಸಿಕೊಂಡಾಗ, ನಿಜವಾದ ಹಳೆಯ ವಸ್ತುಗಳ ನಡುವಿನ ಕೊರತೆಯನ್ನು ತಮ್ಮ ಕಾಲದ ಕುಶಲಕರ್ಮಿಗಳಿಂದಲೇ ತುಂಬಿಸಿದ್ದರು.

ಪ್ರಶ್ನೆ: ಮೈಸೂರಿನ ನಮ್ಮ ಮನೆಯಲ್ಲಿ ಅಜ್ಜನ ಕಾಲದ ಬೀಟೆ ಮರದ ಮೇಜಿದೆ. ಸ್ವೀಡನ್ನಿನ ಹಳೆಯ ಮನೆಗಳಲ್ಲಿರುವಂತೆ ಅದಕ್ಕೆ ತಿಳಿಬೂದು ಬಣ್ಣ ಬಳಿಯಬೇಕೆಂದು ಮಗಳ ಆಸೆ. ಮೇಲ್ಭಾಗದಲ್ಲಿ ಬಿಸಿ ಲೋಟ ಇಟ್ಟ ಬಿಳಿ ಉಂಗುರಗಳೂ ಇವೆ. ಬಳಿಸಬಹುದೇ?

ಉತ್ತರ: ದಯವಿಟ್ಟು ಬೇಡ. ಮೂರನೇ ಗುಸ್ತಾವ್ ದೊರೆಯ ಆಳ್ವಿಕೆಯಲ್ಲಿ (1771–1792) ಸ್ವೀಡನ್ನಿನಲ್ಲಿ ಬೆಳೆದ ಆ ಶೈಲಿಯಲ್ಲಿ ಬಣ್ಣ ಬಳಿಯುತ್ತಿದ್ದುದು ಹೆಚ್ಚಾಗಿ ಪೈನ್, ಬರ್ಚ್‌ನಂಥ ಸ್ಥಳೀಯ ಮರಗಳಿಗೆ. ಅಲ್ಲಿನ ದೀರ್ಘ ಚಳಿಗಾಲದ ಮಂದ ಬೆಳಕಿನಲ್ಲಿ ತಿಳಿಬಣ್ಣವೂ, ಮೇಣದಬತ್ತಿಯ ಹಿಂದೆ ಇಡುತ್ತಿದ್ದ ಕನ್ನಡಿಯೂ ಕೋಣೆಯನ್ನು ಬೆಳಗಲು ನೆರವಾಗುತ್ತಿದ್ದವು. ಮೈಸೂರಿನಲ್ಲಿ ಬೆಳಕಿಗೆ ಆ ಬಡತನವಿಲ್ಲ. ಸುಣ್ಣ ಬಳಿದ ಗೋಡೆಯ ಮುಂದೆ ಬೀಟೆಯ ಕಪ್ಪುಗೆಂಪು ತಾನೇ ಎದ್ದು ಕಾಣುತ್ತದೆ. ಮಗಳ ಆಸೆಗೆ ಅಗ್ಗದ ಮರದ ಕುರ್ಚಿಯೊಂದು ಸಾಕು. ಸುಂಡ್‌ಬೋರ್ನ್ ಎಂಬ ಊರಿನ ಮನೆಯಲ್ಲಿ ಕಲಾವಿದ ದಂಪತಿ ಕಾರ್ಲ್ ಮತ್ತು ಕರಿನ್ ಲಾರ್ಸನ್ ಹಳೆಯ ಪೀಠೋಪಕರಣಗಳಿಗೆ ಧೈರ್ಯವಾಗಿ ಬಣ್ಣ ಬಳಿದದ್ದು ಬಹಳ ಚೆಂದವಾಗಿದೆ ಎಂಬುದನ್ನೂ ಒಪ್ಪಬೇಕು.

ಬಿಳಿ ಉಂಗುರಗಳು ಸಾಮಾನ್ಯವಾಗಿ ಮರಕ್ಕೆ ಇಳಿದಿರುವುದಿಲ್ಲ. ಮೇಲಿನ ಪಾಲಿಷಿನಲ್ಲಿ ತೇವ ಸಿಕ್ಕಿಕೊಂಡಾಗ ಹಾಗೆ ಕಾಣುತ್ತದೆ. ಯುರೋಪಿನ ಹಳೆಯ ಪೀಠೋಪಕರಣಗಳಿಗೆ ಹೊಳಪು ಕೊಟ್ಟ ಫ್ರೆಂಚ್ ಪಾಲಿಷ್ ಎಂದರೆ ಸ್ಪಿರಿಟ್‌ನಲ್ಲಿ ಕರಗಿಸಿದ ಅರಗು, ಅದೂ ಬಹುಪಾಲು ಭಾರತದಿಂದ ಹೋದದ್ದು. ನಿಮ್ಮ ಮೇಜಿಗೂ ಅದೇ ಇರಬಹುದು. ಮೇಜಿನ ಅಡಿಯಲ್ಲಿ, ಪಾಲಿಷ್ ಇರುವ ಕಾಣದ ಜಾಗವೊಂದಕ್ಕೆ ಸ್ಪಿರಿಟ್ ಅದ್ದಿದ ಹತ್ತಿಯನ್ನು ಸ್ವಲ್ಪ ಹೊತ್ತು ಒತ್ತಿ ನೋಡಿ, ಹತ್ತಿರದಲ್ಲಿ ಬೆಂಕಿ ಇರಬಾರದು. ಪಾಲಿಷ್ ಮೆತ್ತಗಾಗಿ ಹತ್ತಿ ಅಂಟಿಕೊಂಡರೆ ಅದು ಅರಗು. ಈ ಕೆಲಸ ಬಲ್ಲ ಪಾಲಿಷಿನವರು ತೆಳುವಾಗಿ ಮತ್ತೊಂದು ಲೇಪ ಹಚ್ಚಿ ಉಂಗುರಗಳನ್ನು ಬಹುಮಟ್ಟಿಗೆ ಅಳಿಸಬಲ್ಲರು. ಅಂಟದಿದ್ದರೆ ಆಮೇಲೆ ಯಾರೋ ಬೇರೆ ವಾರ್ನಿಷ್ ಬಳಿದಿದ್ದಾರೆಂದು ಅರ್ಥ. ಆಗ ಕೆಲಸ ನಿಧಾನ, ಖರ್ಚೂ ಹೆಚ್ಚು. ಆದರೂ ಯಂತ್ರದಿಂದ ಉಜ್ಜಿಸಲು ಒಪ್ಪಬೇಡಿ.